ಕೊಳೆ ಬೇರೆ, ಚುಕ್ಕೆ ಬೇರೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ತೋಟಗಳು ಇಂದು ಎರಡು ರೋಗಗಳ ನಡುವೆ ಸಿಲುಕಿವೆ. ಒಂದು, ಅಜ್ಜ ಮುತ್ತಜ್ಜಂದಿರ ಕಾಲದಿಂದ ಮಲೆನಾಡು ಬಲ್ಲ ಕೊಳೆರೋಗ. ಇನ್ನೊಂದು, ಕೆಲವೇ ವರ್ಷಗಳಲ್ಲಿ ಬೆಳೆಗಾರರ ನಿದ್ದೆಗೆಡಿಸಿರುವ ಎಲೆಚುಕ್ಕೆ ರೋಗ. ಎರಡೂ ಮಳೆಯಲ್ಲಿಯೇ ಹಬ್ಬುತ್ತವೆ. ಎರಡಕ್ಕೂ ಕಾರಣ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಎರಡನ್ನೂ ಶಿಲೀಂಧ್ರ ರೋಗವೆಂದು ಒಂದೇ ಹೆಸರಿನಿಂದ ಕರೆಯುವುದು ರೂಢಿಯಾಗಿದೆ. ಈ ರೂಢಿಯೇ ಈಗ ದುಬಾರಿಯಾಗುತ್ತಿದೆ. ಅಂಗಡಿಯ ಮುಂದೆ ನಿಂತ ಬೆಳೆಗಾರ ‘ಫಂಗಸ್‌ಗೆ ಏನಾದರೂ ಕೊಡಿ’ ಎನ್ನುತ್ತಾನೆ. ಆ ಹೊತ್ತಿಗೆ ಅಂಗಡಿಯಲ್ಲಿ ಯಾವುದಿದೆಯೋ ಅದು ತೋಟಕ್ಕೆ ಬರುತ್ತದೆ.

ಆದರೆ ಈ ಎರಡು ರೋಗಗಳ ಹಿಂದಿರುವ ಜೀವಿಗಳು ಒಂದೇ ಪ್ರಭೇದದವಲ್ಲ, ಒಂದೇ ವಂಶದವೂ ಅಲ್ಲ. ಒಂದನ್ನು ಕೊಲ್ಲುವ ಔಷಧಿ ಇನ್ನೊಂದರ ಕೂದಲನ್ನೂ ಕೊಂಕಿಸದೇ ಇರಬಹುದು. ಆದ್ದರಿಂದ ಈ ವ್ಯತ್ಯಾಸದ ತಿಳಿವಳಿಕೆ ತೋಟದ ಉಳಿವಿಗೆ ಬೇಕು, ತುಂಗೆಗೂ ಭದ್ರೆಗೂ ಇಳಿದು ಸೇರುವ ಹಳ್ಳಗಳ ನೀರಿನ ರಕ್ಷಣೆಗೂ ಬೇಕು.

ಕೊಳೆರೋಗದೊಡನೆ ಮಲೆನಾಡು ನಡೆಸಿರುವ ಹೋರಾಟ ದೀರ್ಘವಾದುದು. ಔಷಧಿ ಸಿಂಪಡಣೆ ಬರುವುದಕ್ಕೆ ಮೊದಲು ಮುಂಗಾರಿನ ಹೊಸ್ತಿಲಲ್ಲಿ ಕೊನೆಗಾರರು ಮರ ಹತ್ತಿ ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಆ ಹೊದಿಕೆ ಕೊನೆಯ ಮೇಲೆ ಮಳೆನೀರು ಬೀಳದಂತೆ ಕಾಯುತ್ತಿತ್ತು. ರೋಗದ ಕಾರಣ ಯಾವುದೆಂದು ಅಂದಿನವರಿಗೆ ತಿಳಿದಿರಲಿಲ್ಲ. ಆದರೆ ನೀರು ತಾಗದಿದ್ದರೆ ಕೊಳೆ ತಾಗದು ಎಂಬ ಅನುಭವ ಅವರದಾಗಿತ್ತು. ಆ ಅನುಭವ ಸರಿಯಾದುದೆಂದು ವಿಜ್ಞಾನ ಮುಂದೆ ತೋರಿಸಿತು. 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿದರು. ರೋಗಕಾರಕವು ಫೈಟಾಫ್ತೊರಾ ಕುಲಕ್ಕೆ ಸೇರಿದ್ದೆಂದು ಗುರುತಿಸಿ 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣವನ್ನು ಬೆರೆಸಿದ ಬೋರ್ಡೋ ದ್ರಾವಣ ಅಡಿಕೆ ತೋಟಕ್ಕೆ ಕಾಲಿಟ್ಟದ್ದು ಅವರ ಈ ಕೆಲಸದಿಂದ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರದ ಹಿಂದೆಯೂ ಕೋಲ್ಮನ್ ಅವರ ಶ್ರಮವಿದೆ.

ಬೋರ್ಡೋ ದ್ರಾವಣದ ತವರು ಫ್ರಾನ್ಸ್. ದ್ರಾಕ್ಷಿಯ ಬೂಜುತುಪ್ಪಟ ರೋಗಕ್ಕೆ ಇದು ಮದ್ದೆಂದು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಚುರಪಡಿಸಿದರು. ಆ ಬೂಜುತುಪ್ಪಟದ ಜೀವಿಯೂ ಅಡಿಕೆಯ ಕೊಳೆರೋಗದ ಜೀವಿಯೂ ಹತ್ತಿರದ ಬಂಧುಗಳು. 1845ರ ನಂತರ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಯನ್ನು ಅಳಿಸಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದ ರೋಗದ ಜೀವಿಯಂತೂ ಇದೇ ಫೈಟಾಫ್ತೊರಾ ಕುಲದ್ದು. ಅಡಿಕೆ ಮರವನ್ನೇ ಆಸರೆಯಾಗಿ ಅಪ್ಪಿ ಬೆಳೆಯುವ ಕಾಳುಮೆಣಸಿನ ಬಳ್ಳಿಗೆ ಬರುವ ಸೊರಗು ರೋಗಕ್ಕೆ ಕಾರಣವೂ ಅದೇ ಕುಲದ ಇನ್ನೊಂದು ಪ್ರಭೇದ. ಬೋರ್ಡೋ ದ್ರಾವಣ ಇವೆಲ್ಲಕ್ಕೂ ಒದಗಿ ಬಂದುದು ಆಕಸ್ಮಿಕವಲ್ಲ. ಶತ್ರುಗಳೆಲ್ಲ ಒಂದೇ ಮನೆತನದವರು.

ಎಲೆಚುಕ್ಕೆಯ ಮನೆತನ ಬೇರೆ. ತೋಟಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದ ಈ ರೋಗ 2022ರ ಹೊತ್ತಿಗೆ ಶೃಂಗೇರಿ, ಕೊಪ್ಪ, ಕಳಸ, ತೀರ್ಥಹಳ್ಳಿ ಸೀಮೆಗಳಲ್ಲಿ ಇಡೀ ಕಣಿವೆಗಳನ್ನೇ ಕಂದು ಬಣ್ಣಕ್ಕೆ ತಿರುಗಿಸಿತು. ಇದಕ್ಕೆ ಮುಖ್ಯ ಕಾರಣ ಕೊಲೆಟೋಟ್ರೈಕಮ್ ಕುಲದ ಶಿಲೀಂಧ್ರ. ಅದರ ಜೊತೆಗೆ ಬೇರೆ ಕೆಲವು ಶಿಲೀಂಧ್ರಗಳೂ ಚುಕ್ಕೆಗಳಲ್ಲಿ ಕಂಡುಬರುವುದುಂಟು. ಮಾವಿನ ಮತ್ತು ಮೆಣಸಿನಕಾಯಿಯ ಚಿಬ್ಬು ರೋಗ, ಅಡಿಕೆಯ ಹಿಂಗಾರ ಒಣಗುವ ರೋಗ, ಇವೆಲ್ಲ ಇದೇ ಕುಲದ ಕೊಡುಗೆಗಳು.

ಈ ಎರಡು ಜೀವಿಗಳ ವ್ಯತ್ಯಾಸ ಎಷ್ಟು ಆಳವಾದುದೆಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಕೊಲೆಟೋಟ್ರೈಕಮ್ ನಿಜವಾದ ಶಿಲೀಂಧ್ರ. ಅದರ ಕೋಶದ ಗೋಡೆ ಕೈಟಿನ್ ಎಂಬ ವಸ್ತುವಿನಿಂದ ಆದದ್ದು. ಸಿಗಡಿಯ ಚಿಪ್ಪಿನಲ್ಲಿಯೂ ಜೀರುಂಡೆಯ ರೆಕ್ಕೆಯ ಕವಚದಲ್ಲಿಯೂ ಇರುವುದು ಅದೇ ವಸ್ತು. ಫೈಟಾಫ್ತೊರಾ ನೂಲಿನಂತೆ ಬೆಳೆಯುವುದರಿಂದ ಹಿಂದಿನವರು ಅದನ್ನೂ ಶಿಲೀಂಧ್ರವೆಂದೇ ಬಗೆದರು. ಆದರೆ ಅದರ ಕೋಶದ ಗೋಡೆಯಲ್ಲಿ ಗಿಡಮರಗಳಲ್ಲಿರುವಂಥ ಸೆಲ್ಯುಲೋಸ್ ಇದೆ. ವಂಶವೃಕ್ಷದಲ್ಲಿ ಅದು ಕಡಲಿನ ಕಂದು ಪಾಚಿಗಳ ಕೊಂಬೆಗೆ ಸೇರುತ್ತದೆ. ಇಂದಿನ ಜೀವವಿಜ್ಞಾನ ಅದನ್ನು ಶಿಲೀಂಧ್ರಗಳ ಸಾಮ್ರಾಜ್ಯದಿಂದ ಹೊರಗಿಟ್ಟಿದೆ. ಮಳೆಗಾಲದಲ್ಲಿ ಹಾಡ್ಯದಿಂದ ಆಯ್ದು ತಂದು ಪಲ್ಯ ಮಾಡುವ ಅಣಬೆ ಎಲೆಚುಕ್ಕೆಯ ಶಿಲೀಂಧ್ರಕ್ಕೆ ನೆಂಟನಾಗಬಹುದು, ಕೊಳೆರೋಗದ ಜೀವಿಗೆ ನೆಂಟನಲ್ಲ.

ವಂಶ ಬೇರೆಯಾದಂತೆ ನಡೆನುಡಿಯೂ ಬೇರೆ. ಕೊಳೆರೋಗದ ಜೀವಿ ಈಜುವ ಜೀವಿ. ತೇವವಿದ್ದಾಗ ಅದರ ಬೀಜಕೋಶದಿಂದ ಹೊರಬರುವ ಚರಬೀಜಾಣುಗಳಿಗೆ ಚಾವಟಿಯಂಥ ಎರಡು ಬಾಲಗಳಿವೆ. ಕಾಯಿಯ ಮೇಲೆ ನಿಂತ ತೆಳ್ಳನೆಯ ನೀರಿನ ಪೊರೆಯಲ್ಲಿ ಅವು ಈಜಿ ಹೋಗಿ ಎಳೆಯ ಕಾಯಿಯನ್ನು ಹಿಡಿಯುತ್ತವೆ. ಎಡೆಬಿಡದ ಮಳೆ, ನಡುವೆ ಇಣುಕುವ ಬಿಸಿಲು, ಇಪ್ಪತ್ತು ಡಿಗ್ರಿಯ ಆಸುಪಾಸಿನ ತಂಪು, ಮತ್ತೆ ಮಳೆ: ಆರಿದ್ರೆಯಿಂದ ಆಶ್ಲೇಷದವರೆಗಿನ ಈ ಹವೆಯೇ ಅದರ ಸುಗ್ಗಿ. ಎಲೆಚುಕ್ಕೆಯ ಶಿಲೀಂಧ್ರಕ್ಕೆ ಈಜು ಬಾರದು. ಅದರ ಬೀಜಾಣುಗಳು ಅಂಟಿನಲ್ಲಿ ಹುದುಗಿರುತ್ತವೆ. ಮಳೆಹನಿ ಬಡಿದಾಗ ಸಿಡಿದು, ಗಾಳಿಮಳೆಯ ಇರಿಚಲಿನೊಡನೆ ಒಂದು ಸೋಗೆಯಿಂದ ಇನ್ನೊಂದಕ್ಕೂ ಒಂದು ತೋಟದಿಂದ ಪಕ್ಕದ ತೋಟಕ್ಕೂ ಹಾರುತ್ತವೆ. ಎಲೆಯ ಮೇಲೆ ಬಿದ್ದ ಬೀಜಾಣು ಮೊಳೆತು, ತುದಿಯಲ್ಲಿ ಕಪ್ಪಗಿನ ಗಟ್ಟಿ ಗುಬ್ಬಿಯೊಂದನ್ನು ಕಟ್ಟಿಕೊಂಡು, ಅದರೊಳಗಿನ ಒತ್ತಡದಿಂದಲೇ ಎಲೆಯ ಹೊರಪೊರೆಯನ್ನು ಚುಚ್ಚಿ ಒಳಹೋಗುತ್ತದೆ. ಒಳಹೊಕ್ಕ ಮೇಲೆ ಕೆಲಕಾಲ ಸದ್ದಿಲ್ಲದೆ ಇದ್ದುಬಿಡುವುದೂ ಈ ಕುಲದ ಗುಣ. ಎಲೆಯ ಮೇಲೆ ಚುಕ್ಕೆ ಕಾಣುವ ಹೊತ್ತಿಗೆ ರೋಗ ಒಳಗೆ ಮನೆ ಮಾಡಿ ಆಗಿರುತ್ತದೆ. ಮಳೆ ಮುಗಿದರೂ ಇಬ್ಬನಿ, ಮಂಜು, ಚಿತ್ತೆ ಸ್ವಾತಿಯ ಅಕಾಲಿಕ ಹನಿಗಳು ಸಿಕ್ಕರೆ ಅದು ತನ್ನ ಕೆಲಸವನ್ನು ಮುಂದುವರಿಸುತ್ತದೆ.

ತೋಟದಲ್ಲಿ ಇವೆರಡನ್ನು ಗುರುತಿಸುವುದು ಕಷ್ಟವಲ್ಲ. ಕೊಳೆರೋಗ ಮೊದಲು ಕಾಣುವುದು ಕಾಯಿಯಲ್ಲಿ. ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತೆ ಕಡುಹಸಿರಿನ ಮಚ್ಚೆ ಮೂಡಿ ಹರಡುತ್ತದೆ, ಹಸಿಗಾಯಿ ಉದುರುತ್ತದೆ, ಉದುರಿದ ಕಾಯಿಯ ಮೇಲೆ ಬಿಳಿಯ ಬೂಸು ಬೆಳೆಯುತ್ತದೆ. ಅದು ಸುಳಿಗೆ ಇಳಿದರೆ ಮರವೇ ಸಾಯುತ್ತದೆ. ಎಲೆಚುಕ್ಕೆ ಮೊದಲು ಕಾಣುವುದು ಸಾಮಾನ್ಯವಾಗಿ ಕೆಳಗಿನ ಸೋಗೆಗಳಲ್ಲಿ. ಹಳದಿ ಅಂಚಿರುವ ಸಣ್ಣ ಕಂದು ಚುಕ್ಕೆಗಳು ದೊಡ್ಡವಾಗಿ, ಒಂದಕ್ಕೊಂದು ಕೂಡಿಕೊಂಡು, ಗರಿ ಸುಟ್ಟಂತೆ ಒಣಗುತ್ತದೆ. ಮೇಲಿನ ಸೋಗೆಗಳಿಗೂ ಕಾಯಿಗಳಿಗೂ ಅದು ಏರಬಹುದು. ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಉದುರಿದ ಹಸಿಗಾಯಿಯನ್ನೂ ಚುಕ್ಕೆ ಬಿದ್ದ ಗರಿಯನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಒದ್ದೆ ಕಾಗದದೊಡನೆ ಮುಚ್ಚಿಟ್ಟು ಎರಡು ಮೂರು ದಿನ ನೋಡಬಹುದು. ಕಾಯಿಯ ಮೇಲೆ ಹತ್ತಿಯಂಥ ಬಿಳಿ ಬೂಸು ಹಬ್ಬಿದರೆ ಕೊಳೆಯ ಸುಳಿವು. ಗರಿಯ ಚುಕ್ಕೆಯ ಮೇಲೆ ಭೂತಗನ್ನಡಿಯಲ್ಲಿ ಕಿತ್ತಳೆ ಛಾಯೆಯ ಅಂಟು ಬಿಂದುಗಳು ಕಂಡರೆ ಕೊಲೆಟೋಟ್ರೈಕಮ್‌ನ ಸುಳಿವು. ಅಂತಿಮ ತೀರ್ಮಾನ ಪ್ರಯೋಗಾಲಯದ್ದೇ ಆದರೂ, ಕಣ್ಣು ಪಳಗುವುದಕ್ಕೆ ಇಷ್ಟು ಸಾಕು.

ಇಲ್ಲಿ ಮೂರನೆಯ ಹೆಸರೊಂದನ್ನು ನೆನೆಯಲೇಬೇಕು. ಈ ಮೂರು ತಾಲ್ಲೂಕುಗಳು ದಶಕಗಳಿಂದ ಹಳದಿ ಎಲೆ ರೋಗದಿಂದ ನರಳಿವೆ. ಅದಕ್ಕೂ ಶಿಲೀಂಧ್ರಕ್ಕೂ ಸಂಬಂಧವಿಲ್ಲ. ಅದು ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯಿಂದ, ರಸ ಹೀರುವ ಕೀಟದ ಮೂಲಕ ಬರುವಂಥದು. ಅದಕ್ಕೆ ಯಾವ ಶಿಲೀಂಧ್ರನಾಶಕವೂ ಮದ್ದಲ್ಲ. ಚುಕ್ಕೆಯಿಲ್ಲದೆ, ಗರಿಯ ತುದಿಯಿಂದ ಹಳದಿಯಾಗುತ್ತಾ ಬರುವ ಸೋಗೆಗೆ ಎಲೆಚುಕ್ಕೆಯ ಔಷಧಿ ಹೊಡೆಯುವುದು ಹಣವನ್ನು ಹಳ್ಳಕ್ಕೆ ಸುರಿದಂತೆ.

ಎರಡು ರೋಗಗಳು ಮಾಡುವ ನಷ್ಟದ ಸ್ವರೂಪವೂ ಬೇರೆ. ಕೊಳೆರೋಗ ಈ ವರ್ಷದ ಫಸಲನ್ನು ಕಸಿಯುತ್ತದೆ. 2018ರಂಥ ಬಿಡದ ಮಳೆಯ ವರ್ಷದಲ್ಲಿ ಕೊನೆಗೆ ಕೊನೆಯೇ ಖಾಲಿಯಾಗುತ್ತದೆ. ಆದರೆ ಸುಳಿ ಉಳಿದರೆ ಮುಂದಿನ ವರ್ಷ ಮರ ಮತ್ತೆ ಫಲ ಕೊಡುತ್ತದೆ. ಎಲೆಚುಕ್ಕೆ ಮರದ ಅಡುಗೆಮನೆಗೇ ಬೆಂಕಿಯಿಡುತ್ತದೆ. ಅಡಿಕೆ ಮರದ ತಲೆಯಲ್ಲಿರುವುದು ಸಾಮಾನ್ಯವಾಗಿ ಎಂಟು ಹತ್ತು ಸೋಗೆ ಮಾತ್ರ. ಪ್ರತಿ ಹಿಂಗಾರವೂ ಒಂದೊಂದು ಸೋಗೆಯ ಕಂಕುಳಿನಿಂದ ಹೊರಡುವಂಥದು. ನಾಲ್ಕೈದು ಸೋಗೆ ಒಣಗಿದರೆ ಈ ವರ್ಷದ ಕಾಯಿ ಸೊರಗುವುದಲ್ಲದೆ ಮುಂದಿನ ವರ್ಷದ ಹಿಂಗಾರವೂ ಬಡವಾಗುತ್ತದೆ.

ಈಗ ಔಷಧಿಯ ಮಾತು. ಎಲೆಚುಕ್ಕೆಗೆ ಶಿಫಾರಸಾಗಿರುವ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಮುಂತಾದ ‘ಅಜೋಲ್’ ಗುಂಪಿನ ಔಷಧಿಗಳು ಶಿಲೀಂಧ್ರವು ಎರ್ಗೊಸ್ಟೆರಾಲ್ ಎಂಬ ವಸ್ತುವನ್ನು ತಯಾರಿಸುವುದನ್ನು ತಡೆಯುತ್ತವೆ. ಫೈಟಾಫ್ತೊರಾ ಆ ವಸ್ತುವನ್ನು ತಯಾರಿಸುವುದೇ ಇಲ್ಲ. ಇಲ್ಲದ ಬಾಗಿಲಿಗೆ ಬೀಗ ಹಾಕಿದರೆ ಫಲವೇನು? ಕಾರ್ಬೆಂಡಜಿಂ ಕೂಡ ಕೊಳೆರೋಗದ ಜೀವಿಯ ಮೇಲೆ ಕೆಲಸ ಮಾಡದು. ಇತ್ತ ಕೊಳೆರೋಗಕ್ಕೆಂದು ಮಾರಾಟವಾಗುವ ಮೆಟಲಾಕ್ಸಿಲ್ ಫೈಟಾಫ್ತೊರಾದ ಬಂಧುಬಳಗಕ್ಕೆ ಮಾತ್ರ ಮಾರಕ. ಎಲೆಚುಕ್ಕೆಯ ಶಿಲೀಂಧ್ರ ಅದಕ್ಕೆ ಹೆದರದು. ಬೋರ್ಡೋ ದ್ರಾವಣ ಮತ್ತು ಮ್ಯಾಂಕೊಜೆಬ್‌ನಂಥ ಔಷಧಿಗಳು ಎರಡನ್ನೂ ಒಂದಷ್ಟು ಮಟ್ಟಿಗೆ ತಡೆಯಬಲ್ಲವು. ಆದರೆ ಅವು ಮೈಮೇಲಿನ ಕವಚ ಮಾತ್ರ. ಒಳಹೊಕ್ಕ ರೋಗವನ್ನು ಅವು ಮುಟ್ಟಲಾರವು. ಕೊಳೆಗೆ ಹೊಡೆಯುವಾಗ ಕೊನೆ ನೆನೆದರೆ ಸಾಕು, ಚುಕ್ಕೆಗೆ ಹೊಡೆಯುವಾಗ ಗರಿಯ ಅಡಿಭಾಗವೂ ನೆನೆಯಬೇಕು. ಹಾಗಿರುವಾಗ ಕೊನೆಗೆ ಮಾತ್ರ ಬೋರ್ಡೋ ಹೊಡೆದು ‘ಎಲೆಚುಕ್ಕೆ ನಿಲ್ಲಲಿಲ್ಲ’ ಎನ್ನುವುದೂ, ಎಲೆಗೆ ಅಜೋಲ್ ಹೊಡೆದು ‘ಕೊಳೆ ಬಂತು’ ಎನ್ನುವುದೂ ಔಷಧಿಯ ತಪ್ಪಲ್ಲ, ಗುರುತಿನ ತಪ್ಪು.

ಗುರುತಿನ ತಪ್ಪಿಗೆ ಬೆಲೆ ತೆರುವವನು ಬೆಳೆಗಾರನೊಬ್ಬನೇ ಅಲ್ಲ. ಒಂದೇ ಬಗೆಯ ಅಂತರ್ವ್ಯಾಪಿ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ರೋಗಕಾರಕವು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೆಟಲಾಕ್ಸಿಲ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 1980ರಲ್ಲಿಯೇ, ಯುರೋಪಿನ ಆಲೂಗಡ್ಡೆ ಹೊಲಗಳಲ್ಲಿ ಅದು ಸೋತಿತು. ಪ್ರೊಪಿಕೊನಜೋಲ್‌ನ ಅನುಮತಿಯನ್ನು ಯುರೋಪಿನ ಒಕ್ಕೂಟ 2018ರಲ್ಲಿ ನವೀಕರಿಸಲು ನಿರಾಕರಿಸಿತು. ಸಂತಾನಶಕ್ತಿಗೆ ಮಾರಕವಾಗಬಹುದೆಂಬುದೂ ಅಂತರ್ಜಲಕ್ಕೆ ಇಳಿಯುವ ಭಯವೂ ಅದಕ್ಕೆ ಕಾರಣಗಳಾಗಿದ್ದವು. ಅದೇ ಔಷಧಿ ಇಲ್ಲಿ ಮಳೆಯ ನಡುವೆ, ಮುಖಕ್ಕೆ ಬಟ್ಟೆಯೊಂದನ್ನು ಸುತ್ತಿಕೊಂಡ ಕೂಲಿಕಾರರ ಕೈಯಿಂದ ಸಿಂಪಡಣೆಯಾಗುತ್ತದೆ. ಗರಿಯಿಂದ ತೊಟ್ಟಿಕ್ಕಿದ ಹನಿ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ ಅಥವಾ ಭದ್ರೆಗೆ ಇಳಿಯುತ್ತದೆ. ಕಣಿವೆಯ ತಳದಲ್ಲಿಯೇ ತೋಟವಿರುವ ಮಲೆನಾಡಿನಲ್ಲಿ ತೋಟಕ್ಕೂ ಕುಡಿಯುವ ನೀರಿಗೂ ನಡುವಣ ಅಂತರ ಕೆಲವೇ ಮಾರು.

‘ಬೋರ್ಡೋ ಹಳೆಯದು, ಆದ್ದರಿಂದ ನಿರಪಾಯ’ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕಾಗಿದೆ. ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿನಲ್ಲಿ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿ ಕಾಲುಭಾಗ ತಾಮ್ರ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಒಂದು ಹೆಕ್ಟೇರಿನಲ್ಲಿ ಸುಮಾರು 1,370 ಮರಗಳಿರುತ್ತವೆ. ಮರಕ್ಕೆ ಒಂದೇ ಲೀಟರ್ ಎಂದು ಲೆಕ್ಕ ಹಿಡಿದರೂ ಒಂದು ಸಿಂಪಡಣೆಗೆ ಸುಮಾರು ಮೂರೂವರೆ ಕಿಲೋ ತಾಮ್ರ, ಎರಡು ಸಿಂಪಡಣೆಗೆ ಏಳು ಕಿಲೋ. ಯುರೋಪಿನ ಒಕ್ಕೂಟ ತಾಮ್ರಕ್ಕೆ ವಿಧಿಸಿರುವ ಮಿತಿ ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ, ಎಂದರೆ ವರ್ಷಕ್ಕೆ ಸರಾಸರಿ ನಾಲ್ಕು. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿನಲ್ಲಿ ಉಳಿದು ಎರೆಹುಳುವಿಗೂ, ಅಡಿಕೆಯ ಬೇರಿಗೆ ಆಹಾರ ಒದಗಿಸುವ ಸ್ನೇಹಿ ಶಿಲೀಂಧ್ರಗಳಿಗೂ, ಹಳ್ಳದ ಮೀನಿಗೂ ಕೇಡು ಮಾಡುತ್ತದೆ. ಇದು ಬೋರ್ಡೋವನ್ನು ಬಿಡಬೇಕೆಂಬ ವಾದವಲ್ಲ. ಬಿಟ್ಟರೆ ಕೊಳೆಯ ಮುಂದೆ ನಿಲ್ಲುವ ಶಕ್ತಿ ಸಣ್ಣ ಬೆಳೆಗಾರನಿಗಿಲ್ಲ. ಆದರೆ ಕೊಳೆಗೆ ಮೀಸಲಾಗಬೇಕಾದ ತಾಮ್ರವನ್ನು ಗುರುತಿಲ್ಲದ ಎಲ್ಲ ಕಾಯಿಲೆಗೂ ಸುರಿಯುವಂತಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕೊಳೆಯ ವಿರುದ್ಧ ಪ್ರತಿ ಮನೆಯೂ ತನ್ನ ತೋಟವನ್ನು ಬಹುಮಟ್ಟಿಗೆ ತಾನೇ ಕಾಯಬಹುದು. ರೋಹಿಣಿ ಮೃಗಶಿರೆಯ ಹೊತ್ತಿಗೆ, ಮಳೆ ಹಿಡಿಯುವುದಕ್ಕೆ ಮೊದಲು ಒಂದು ಸಿಂಪಡಣೆ. ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಂದು. ಮಳೆಗಾಲ ಎಳೆದರೆ ಮಾತ್ರ ಮೂರನೆಯದು. ದ್ರಾವಣವನ್ನು ಅಂದೇ ಮಾಡಿ ಅಂದೇ ಮುಗಿಸಬೇಕು. ಚಾಕುವಿನ ಅಲಗನ್ನು ಅದ್ದಿ ನೋಡಿ, ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಬಿದ್ದ ಕೊಳೆಗಾಯಿಯನ್ನು ಹೆಕ್ಕಿ ತೋಟದಿಂದ ಹೊರಗೆ ಸುಡಬೇಕು ಅಥವಾ ಹೂಳಬೇಕು. ಹಳ್ಳಕ್ಕೆ ಎಸೆದರೆ ಅದು ಕೆಳಗಿನ ತೋಟಕ್ಕೆ ಕಳುಹಿಸಿದ ರೋಗ. ಬಸಿಗಾಲುವೆಗಳನ್ನು ಮಳೆಗೆ ಮೊದಲು ಬಿಡಿಸಿರಬೇಕು.

ಚುಕ್ಕೆಯ ವಿರುದ್ಧ ಒಬ್ಬೊಬ್ಬರ ದುಡಿಮೆ ಸಾಲದು. ಗಾಳಿಮಳೆಗೆ ಬೇಲಿಯಿಲ್ಲ. ಒಂದು ಕಣಿವೆಯಲ್ಲಿ ಹತ್ತು ತೋಟಗಳಿದ್ದು ಒಂಬತ್ತರಲ್ಲಿ ಶ್ರದ್ಧೆಯಿಂದ ಕೆಲಸ ನಡೆದರೂ, ಮನೆಗೆ ಬೀಗ ಜಡಿದು ಬೆಂಗಳೂರು ಸೇರಿದವರ ಹತ್ತನೆಯ ತೋಟ ಎಲ್ಲರಿಗೂ ರೋಗ ಹಂಚುತ್ತದೆ. ಆದ್ದರಿಂದ ಇಲ್ಲಿ ಘಟಕ ತೋಟವಲ್ಲ, ಕಣಿವೆ. ಹೆಚ್ಚು ರೋಗ ಬಿದ್ದ ಕೆಳಗಿನ ಸೋಗೆಗಳನ್ನು ಮಳೆಗೆ ಮೊದಲೇ ಒಂದೇ ವಾರದಲ್ಲಿ ಇಡೀ ಕಣಿವೆಯವರು ತೆಗೆದು ನಾಶಪಡಿಸುವುದು, ಅಗತ್ಯವೆಂದು ಖಚಿತವಾದ ಕಡೆ ಒಂದೇ ಅವಧಿಯಲ್ಲಿ ಸಿಂಪಡಿಸುವುದು, ಪಾಳುಬಿದ್ದ ತೋಟದ ಜವಾಬ್ದಾರಿಯನ್ನು ಮಾಲೀಕರ ಒಪ್ಪಿಗೆ ಪಡೆದು ಹಂಚಿಕೊಳ್ಳುವುದು, ರೋಗದ ಸೋಗೆಯನ್ನು ಬೇರೆ ಊರಿಗೆ ಸಾಗಿಸದಿರುವುದು, ಇವೆಲ್ಲ ಮುಯ್ಯಾಳಿನ ಮಲೆನಾಡಿಗೆ ಹೊಸ ಪಾಠಗಳಲ್ಲ. ಮರೆತ ಪಾಠಗಳು. ಸೊಪ್ಪು, ಗೊಬ್ಬರ ಕಾಣದೆ ಬಡಕಲಾದ ಮರ ರೋಗಕ್ಕೆ ಬೇಗ ಬಾಗುತ್ತದೆ. ಗೊಬ್ಬರದ ದುಡ್ಡನ್ನು ಬಾಟಲಿಗೆ ಸುರಿಯುವ ಮೊದಲು ಮಣ್ಣು ಪರೀಕ್ಷೆಯೊಂದನ್ನು ಮಾಡಿಸುವುದು ಲೇಸು.

ಸರ್ಕಾರದ ಪಾಲೂ ಇದೆ. ರೋಗ ಕೆರಳಿದಾಗಲೆಲ್ಲ ಔಷಧಿಗೆ ಸಹಾಯಧನ ಕೊಡಿ ಎಂಬ ಬೇಡಿಕೆ ಏಳುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ರೋಗವನ್ನು ಗುರುತಿಸಿ ಹೇಳುವ ವ್ಯವಸ್ಥೆಯನ್ನು. ಶೃಂಗೇರಿಯಲ್ಲಿ ಅಡಿಕೆ ಸಂಶೋಧನಾ ಕೇಂದ್ರವಿದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಅದರ ವಿಟ್ಲದ ಕೇಂದ್ರವೂ ಘಟ್ಟದ ಕೆಳಗಿವೆ. ಇವುಗಳ ತಿಳಿವಳಿಕೆ ಹೋಬಳಿಗೆ ತಲುಪಬೇಕು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ವಾರಕ್ಕೊಂದು ದಿನ ಪ್ರತಿ ಹೋಬಳಿಯಲ್ಲಿ, ಸೂಕ್ಷ್ಮದರ್ಶಕವಿಟ್ಟುಕೊಂಡ ಒಬ್ಬ ತಜ್ಞ ಕುಳಿತು ಬೆಳೆಗಾರರು ತಂದ ಕಾಯಿ, ಗರಿಗಳನ್ನು ನೋಡಿ ‘ಇದು ಕೊಳೆ, ಇದು ಚುಕ್ಕೆ, ಇದಕ್ಕೆ ಮದ್ದೇ ಬೇಡ’ ಎಂದು ಬರೆದುಕೊಡುವಂತಾದರೆ, ಸಹಾಯಧನದಲ್ಲಿ ಹಂಚುವ ಎಷ್ಟೋ ಬಾಟಲಿಗಳ ಅಗತ್ಯವೇ ಇರಲಾರದು. ಹಳ್ಳಗಳ ನೀರಿನಲ್ಲಿಯೂ ತೋಟಗಳ ಮಣ್ಣಿನಲ್ಲಿಯೂ ಈ ಔಷಧಿಗಳ ಹಾಗೂ ತಾಮ್ರದ ಪ್ರಮಾಣವನ್ನು ಪ್ರತಿವರ್ಷ ಅಳೆದು, ಫಲಿತಾಂಶವನ್ನು ಗ್ರಾಮಸಭೆಯ ಮುಂದಿಡುವುದೂ ಸರ್ಕಾರದ ಕರ್ತವ್ಯ.

ಕೊಟ್ಟೆ ಕಟ್ಟಿದ ಹಿರಿಯರಿಗೆ ಸೂಕ್ಷ್ಮದರ್ಶಕವಿರಲಿಲ್ಲ. ಆದರೆ ಅವರು ಶತ್ರು ಎತ್ತ ಕಡೆಯಿಂದ ಬರುತ್ತಾನೆಂಬುದನ್ನು ನೋಡಿ ತಿಳಿದು ಅತ್ತಲೇ ಬಾಗಿಲು ಹಾಕಿದರು. ಇಂದು ಸಾಧನಗಳು ಹೆಚ್ಚಿವೆ, ನೋಡುವ ತಾಳ್ಮೆ ಕಡಿಮೆಯಾಗಿದೆ. ಮುಂದಿನ ಮಳೆಗೆ ಮೊದಲು ಪ್ರತಿ ಊರಿನಲ್ಲಿಯೂ ಬೆಳೆಗಾರರೂ ಕೂಲಿಕಾರರೂ ವಿದ್ಯಾರ್ಥಿಗಳೂ ಒಂದು ಮಧ್ಯಾಹ್ನ ಒಟ್ಟಿಗೆ ತೋಟದಲ್ಲಿ ನಡೆದು, ಕೊಳೆ ಯಾವುದು, ಚುಕ್ಕೆ ಯಾವುದು ಎಂದು ಗುರುತು ಹಾಕಿಕೊಳ್ಳಲಿ. ಔಷಧಿಯ ಪಟ್ಟಿ ಅದಾದ ಮೇಲೆ ಬರೆಯುವಂಥದು.